ಅಂಗಿ ಬಿಚ್ಚಿ ಬೆಳಕಿಗೆ ಬರ್ರಿ

ಮಾನ್ವಿ ತಾಲ್ಲೂಕಿನ ಕುರ್ಡಿ. ಕುಷ್ಠರೋಗ ಪತ್ತೆಗೆಂದು ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ ಒಬ್ಬರು, ಮೈಸೂರು ಸೀಮೆಯಿಂದ ಈ ಕಡೆಗೆ ಬಂದಿರುವ ಯುವ ಡಾಕ್ಟರಮ್ಮ ಒಬ್ಬರು. ಮಾತು ಇಬ್ಬರದೂ.

ಕಾರ್ಯಕರ್ತೆ: ಮೇಡಂ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೈಮ್ಯಾಲೆ ಮಚ್ಚಿ ಕಂಡ್ರ ಬರಕೊಂಡು ಬರ್ರಿ ಅಂತೀರಿ. ಬಿಸಿಲಾಗ ದುಡಿಯೋ ಊರಿದು. ಮಚ್ಚಿ ಇಲ್ಲದ ಮೈ ಎಲ್ಲೈತ್ರಿ? ಎಲ್ಲಾರ ಹೆಸರೂ ಬರದ್ರ ನಿಮ್ಮ ರಿಜಿಸ್ಟರ್ ಸಾಲಂಗಿಲ್ಲ.

ಡಾಕ್ಟರು: ಎಲ್ಲ ಮಚ್ಚೆಯೂ ಬೇಡ ಅಕ್ಕ. ತಿಳಿಬಿಳಿ ಇಲ್ಲವೇ ತಾಮ್ರದ ಬಣ್ಣ, ಜೊತೆಗೆ ಅಲ್ಲಿ ಸ್ಪರ್ಶ ಇರಬಾರದು. ಆ ಎರಡನೆಯದೇ ಮುಖ್ಯ. ಸ್ಪರ್ಶ ಇದೆಯೋ ಇಲ್ಲವೋ ಅಂತ ಹೇಗೆ ನೋಡ್ತೀರಿ, ಅದನ್ನು ಹೇಳಿ.

ಕಾರ್ಯಕರ್ತೆ: ನಾ ಅಂತೂ ನೀವು ಹೇಳಿದಂಗ ಮಾಡ್ತೀನಿ. ಗಂಡಸರನ್ನ ನೋಡಾಕ ಜೊತಿಗೆ ಬರೋ ಹುಡುಗ ಐದಾನಲ್ಲ, ಅವ ಮುಟ್ಟಿ "ಗೊತ್ತಾಗ್ತೈತೇನು" ಅಂತಾನ. ಅವರು "ಹೂಂ" ಅಂತಾರ. ಮುಂದಿನ ಮನಿ.

ಡಾಕ್ಟರು: ಕಣ್ಣು ಬಿಟ್ಟುಕೊಂಡು ಕೂತವರು ಹೂಂ ಅನ್ನದೆ ಇನ್ನೇನು ಅಂತಾರೆ? ಮುಟ್ಟಿದ್ದು ಅವರಿಗೆ ಕಾಣ್ತಾ ಇರುತ್ತೆ. ಆ ಹುಡುಗನಿಗೆ ಹೀಗೆ ಹೇಳಿ. ಹತ್ತಿಯನ್ನು ಸಣ್ಣ ಎಳೆಯಾಗಿ ಹೊಸೆದುಕೊಳ್ಳಬೇಕು. ಮೊದಲು ಚೆನ್ನಾಗಿರೋ ಚರ್ಮದ ಮೇಲೆ, ಅವರು ನೋಡ್ತಿರುವಾಗಲೇ ಮುಟ್ಟಿ, "ಹೀಗೆ ಮುಟ್ಟಿದಾಗ ಆ ಜಾಗದ ಮೇಲೆ ಬೆರಳಿಡಿ" ಅಂತ ಅಭ್ಯಾಸ ಮಾಡಿಸಬೇಕು. ಆಮೇಲೆ ಕಣ್ಣು ಮುಚ್ಚಿಸಬೇಕು. ಒಮ್ಮೆ ಒಳ್ಳೆ ಚರ್ಮ, ಒಮ್ಮೆ ಮಚ್ಚೆ. ನಡುವೆ ಒಂದೆರಡು ಸಲ ಮುಟ್ಟದೆಯೇ ಸುಮ್ಮನೆ "ಈಗ?" ಅನ್ನಬೇಕು. ಎಳೆಯನ್ನು ಉಜ್ಜಬಾರದು, ತಾಗಿಸಿ ತೆಗೀಬೇಕು. ಉಜ್ಜಿದರೆ ಪಕ್ಕದ ಚರ್ಮ ಎಳೆದು ಅಲ್ಲಿಂದ ಗೊತ್ತಾಗಿಬಿಡುತ್ತೆ.

ಕಾರ್ಯಕರ್ತೆ: ಮುಟ್ಟಲಾರದ ಮುಟ್ಟಿದೆ ಅನ್ನೋದು ಛಲೋ ಐತ್ರಿ. ನಮ್ಮ ಮಂದಿ ಮರ್ಯಾದಿಗೆ ಹೂಂ ಅಂದುಬಿಡ್ತಾರ. ಅದರಾಗ ಸಿಕ್ಕಿಬೀಳ್ತಾರ.

ಡಾಕ್ಟರು: ಮುಖದ ಮೇಲಿನ ಮಚ್ಚೆಗೆ ಮಾತ್ರ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಮುಖದಲ್ಲಿ ನರದ ಕವಲು ಬಹಳ, ಕುಷ್ಠ ಇದ್ದರೂ ಸ್ಪರ್ಶ ಉಳಿದಿರಬಹುದು. ಅಂಥವರನ್ನು ನನ್ನ ಹತ್ತಿರ ಕಳಿಸಿ. ನಾನು ಕಿವಿಯ ಹಾಲೆ ದಪ್ಪ ಆಗಿದೆಯಾ, ಹುಬ್ಬಿನ ಹೊರತುದಿಯ ಕೂದಲು ಉದುರಿದೆಯಾ ನೋಡ್ತೀನಿ. ಮೊಣಕೈ ಒಳಗಡೆ ಎಲುಬಿನ ಹಿಂದೆ ಏನಾದರೂ ತಗುಲಿದರೆ ಕಿರುಬೆರಳಿನವರೆಗೂ ಜುಮ್ ಅನ್ನುತ್ತಲ್ಲ, ಆ ನರವನ್ನ ಎರಡೂ ಕೈಯಲ್ಲಿ ಒಟ್ಟಿಗೆ ಹಿಡಿದು ನೋಡ್ತೀನಿ. ಒಂದು ಕಡೆ ದಪ್ಪಗಿದ್ದರೆ ಕೈಗೇ ಗೊತ್ತಾಗುತ್ತೆ. ಕೊನೆಗೆ ಕಿರುಬೆರಳು, ಉಂಗುರದ ಬೆರಳಿನ ನಡುವೆ ಒಂದು ಕಾಗದ ಇಟ್ಟು "ಬಿಗಿಯಾಗಿ ಹಿಡ್ಕೊಳ್ಳಿ" ಅಂತ ಎಳೀತೀನಿ. ಕಾಗದ ಸಲೀಸಾಗಿ ಬಂದರೆ ನರ ಸೋತಿದೆ ಅಂತ.

ಕಾರ್ಯಕರ್ತೆ: ಹೆಣ್ಮಕ್ಕಳದೇ ತ್ರಾಸ್ ನೋಡ್ರಿ. ಬೆನ್ನು ತೋರಸವ್ವ ಅಂದ್ರ ಜಂಪರಿನ ತುದಿ ನಾಕು ಬೆಳ್ಳು ಎತ್ತಿ "ಆತೇನು" ಅಂತಾರ. ಅದೂ ಅಡಗಿಮನಿ ಕತ್ತಲದಾಗ.

ಡಾಕ್ಟರು: ಕತ್ತಲಲ್ಲಿ ನೋಡೋದೂ ಒಂದೇ, ನೋಡದೆ ಇರೋದೂ ಒಂದೇ. ತಿಳಿಬಿಳಿ ಮಚ್ಚೆ ಟ್ಯೂಬ್‌ಲೈಟಿಗೆ ಮಾಯ ಆಗುತ್ತೆ. ನೇರ ಬಿಸಿಲೂ ಬೇಡ. ಪಡಸಾಲೆಯಲ್ಲಿ ಬಾಗಿಲಿಗೆ ಪಕ್ಕವಾಗಿ ನಿಲ್ಲಿಸಿ, ಓರೆಯಾಗಿ ಬೀಳೋ ಹಗಲಿನ ಬೆಳಕಲ್ಲಿ ನೋಡಿ. ಗಂಡಸರನ್ನು ಹೊರಗೆ ಕಳಿಸಿ, ಬಾಗಿಲಿಗೆ ಒಂದು ಸೀರೆ ಅಡ್ಡ ಕಟ್ಟಿ. ಕಾಣೋ ಜಾಗದ ಮಚ್ಚೆ ಆದರೆ ಅವರೇ ತೋರಿಸೋಕೆ ಬರ್ತಾರೆ. ಬೆನ್ನು, ಕುಂಡಿ, ತೊಡೆಯ ಹಿಂಭಾಗದ್ದು ಅವರಿಗೇ ಗೊತ್ತಿರಲ್ಲ. ನೋವಿಲ್ಲ, ತುರಿಕೆ ಇಲ್ಲ, ಯಾಕೆ ಗೊತ್ತಾಗಬೇಕು ಹೇಳಿ?

ಕಾರ್ಯಕರ್ತೆ: ಗೊತ್ತಾದ್ರೂ ಮುಚ್ಚಿಡ್ತಾರ್ರಿ. ಮಗಳ ಮದುವಿ ನಿಂತೀತು ಅಂತ ಅಂಜಿಕಿ.

ಡಾಕ್ಟರು: ಆ ಅಂಜಿಕೆಗೆ ಕಾನೂನೂ ಬಹಳ ವರ್ಷ ಬೆಂಬಲವಾಗಿತ್ತು. ಕುಷ್ಠ ಇದೆ ಅಂತ ಗಂಡನೋ ಹೆಂಡತಿಯೋ ವಿಚ್ಛೇದನ ಕೇಳಬಹುದಿತ್ತು. ಸಂಸತ್ತು ಅದನ್ನು ತೆಗೆದಿದ್ದು 2019ರಲ್ಲಿ. ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1981ರಲ್ಲಿ. ಮದ್ದು ಬಂದು 38 ವರ್ಷ ಆದಮೇಲೆ ಕಾನೂನು ಬದಲಾಯ್ತು! ಐದರವರೆಗೆ ಮಚ್ಚೆ ಇದ್ದರೆ ಆರು ತಿಂಗಳು, ಹೆಚ್ಚಿದ್ದರೆ ಒಂದು ವರ್ಷ ಮಾತ್ರೆ. ದುಡ್ಡಿಲ್ಲ. 2005ರ ಡಿಸೆಂಬರಿನಲ್ಲಿ ದೇಶದಲ್ಲಿ ಕುಷ್ಠ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು ಅಂತ ಘೋಷಣೆ ಆದಮೇಲೆ ಡಾಕ್ಟರುಗಳೂ ಹುಡುಕೋದು ಬಿಟ್ಟರು. ನನಗೆ ಅದು ಸರಿ ಅನಿಸಿಲ್ಲ. ಕಡಿಮೆ ಆಯ್ತು ಅಂದಿದ್ದನ್ನು ಹೋಯ್ತು ಅಂತ ಕೇಳಿಸಿಕೊಂಡುಬಿಟ್ವಿ.

ಕಾರ್ಯಕರ್ತೆ: ಉಳಿದ ಮಚ್ಚಿಗೆ ಏನ್ ಹೇಳ್ಲಿ? ಚಿಬ್ಬು, ತೊನ್ನು, ಹುಡುಗರ ಗಲ್ಲದ ಮ್ಯಾಲೆ ಬಿಳಿ ಬಿಳಿ. ಅದಕ್ಕ ಹೊಟ್ಯಾಗ ಹುಳ ಅಂತಾರ.

ಡಾಕ್ಟರು: ಮಕ್ಕಳ ಕೆನ್ನೆಯದು ಒಣ ಚರ್ಮ ಅಷ್ಟೇ, ಹುಳಕ್ಕೂ ಅದಕ್ಕೂ ಸಂಬಂಧ ಇಲ್ಲ, ಕೊಬ್ಬರಿ ಎಣ್ಣೆ ಸಾಕು. ಚಿಬ್ಬನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ಹಿಟ್ಟಿನ ಥರ ಹೊಟ್ಟು ಏಳುತ್ತೆ, ಸ್ಪರ್ಶ ಚೆನ್ನಾಗಿರುತ್ತೆ. ತೊನ್ನು ಸುಣ್ಣದಷ್ಟು ಬಿಳಿ, ಅಂಚು ಗೆರೆ ಎಳೆದಂತೆ, ಅಲ್ಲಿನ ಕೂದಲೂ ಬೆಳ್ಳಗಾಗಬಹುದು. ಅದು ಅಂಟಲ್ಲ. ಅದನ್ನು ಮನೆಯವರಿಗೆ ಎರಡು ಸಲ ಹೇಳಿ. ಕಜ್ಜಿ ನಿಮಗೇ ಗೊತ್ತು.

ಕಾರ್ಯಕರ್ತೆ: ರಾತ್ರಿ ತುರಿಕಿ, ಬೆಳ್ಳ ಸಂದಿ, ಮನಿ ಮಂದಿಗೆಲ್ಲ. ಒಬ್ಬರಿಗೆ ಮುಲಾಮು ಕೊಟ್ರ ಹೋಗಂಗಿಲ್ಲ, ಎಲ್ಲಾರೂ ಒಂದ ದಿನ ಹಚ್ಚಬೇಕು. ನನಗ ತಿಳೀಲಾರದ್ದು ಗಜಕರ್ಣ. ಮೊದಲ ದುಂಡಗ ಉಂಗುರ ಇದ್ದಂಗ ಇರ್ತಿತ್ತು. ಈಗ ಉಂಗುರಾನೂ ಇಲ್ಲ, ಏನೂ ಇಲ್ಲ, ತೊಡಿ ತುಂಬ ಹಬ್ಬಿರ್ತೈತಿ.

ಡಾಕ್ಟರು: ಔಷಧಿ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬಿನ ಕೆಲಸ ಅದು. ಅದರಲ್ಲಿ ಸ್ಟೀರಾಯ್ಡ್ ಇರುತ್ತೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತೆ, ಕೆಂಪು ಇಳಿಯುತ್ತೆ, ಶಿಲೀಂಧ್ರ ಮಾತ್ರ ಒಳಗೊಳಗೇ ಬೆಳೆಯುತ್ತೆ. ಉಂಗುರದ ಅಂಚು ಅಳಿಸಿ ಹೋಗುತ್ತೆ, ನೋಡಿದ ಡಾಕ್ಟರೂ ಬೇರೇನೋ ಅಂದುಕೊಳ್ತಾರೆ. ತೊಡೆಸಂದಿಯಲ್ಲಿ ಬಸುರಿಯ ಹೊಟ್ಟೆಯ ಹಾಗೆ ಬಿಳಿ ಗೀರು ಬಿದ್ದಿದ್ದರೆ ಟ್ಯೂಬ್ ಬಹಳ ದಿನ ಹಚ್ಚಿದ್ದಾರೆ ಅಂತಲೇ ಲೆಕ್ಕ. ಚೀಟಿ ಇಲ್ಲದೆ ಇಂಥ ಮುಲಾಮು ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಮಾರೋದು ನಿಂತಿಲ್ಲ. ನೀವು ಮನೆಗೆ ಹೋದಾಗ "ಏನು ಹಚ್ಚಿದ್ರಿ, ಆ ಟ್ಯೂಬ್ ತನ್ನಿ" ಅಂತ ಕೇಳಿ. ಅರ್ಧ ರೋಗ ಅದರ ಮೇಲೇ ಬರೆದಿರುತ್ತೆ.

ಕಾರ್ಯಕರ್ತೆ: ಹೊಲಕ್ಕ ಹೋಗೋ ಮುದುಕರಿಗೆ ಮಾರಿ ಎಲ್ಲ ಕಪ್ಪಾಗಿ, ಆನಿ ತೊಗಲಾಗಿರ್ತೈತಲ್ರಿ, ಅದು? ಬಿಸಿಲಿಗೆ ಅಂತಾರ.

ಡಾಕ್ಟರು: ಬಿಸಿಲಿಗೂ ಆಗಬಹುದು, ಕಾಂಗ್ರೆಸ್ ಕಸದ ಧೂಳಿಗೂ ಆಗಬಹುದು. ಅವರ ಗದ್ದ ಎತ್ತಿ ಕೆಳಗೆ ನೋಡಿ. ಕಿವಿ ಮಡಚಿ ಹಿಂದೆ ನೋಡಿ. ರೆಪ್ಪೆಯ ಮಡಿಕೆ ನೋಡಿ. ಬಿಸಿಲು ಅಲ್ಲಿಗೆಲ್ಲ ಹೋಗಲ್ಲ, ಅದರಿಂದ ಆಗಿದ್ದರೆ ಆ ನೆರಳಿನ ಜಾಗ ಚೆನ್ನಾಗಿರುತ್ತೆ. ಧೂಳು ಎಲ್ಲ ಕಡೆಗೂ ಹೋಗುತ್ತೆ. ಅಲ್ಲೂ ದಪ್ಪಗಾಗಿದ್ದರೆ ಕಸದ್ದೇ ಕೆಲಸ. ಇದಕ್ಕೆ ರಕ್ತ ಪರೀಕ್ಷೆ ಬೇಕಾಗಿಲ್ಲ, ಗದ್ದ ಎತ್ತುವಷ್ಟು ವ್ಯವಧಾನ ಬೇಕು.

ಕಾರ್ಯಕರ್ತೆ: ನೀರಿಂದಾನೂ ತೊಗಲು ಕೆಡ್ತೈತಿ ಅಂತ ಒಮ್ಮಿ ಟ್ರೇನಿಂಗಿನಾಗ ಹೇಳಿದ್ರು.

ಡಾಕ್ಟರು: ದೂರದ ಮಾತಲ್ಲ. ದೇವದುರ್ಗದ ಆಚೆ ಕೃಷ್ಣೆ ದಾಟಿದರೆ ಯಾದಗಿರಿ ಜಿಲ್ಲೆ. ಅಲ್ಲಿ ಮಂಗಳೂರು ಅನ್ನೋ ಹಳೇ ಚಿನ್ನದ ಗಣಿ, ಹತ್ತಿರದಲ್ಲೇ ಕಿರದಳ್ಳಿ ತಾಂಡಾ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಭಾಗದ 59 ಕೊಳವೆಬಾವಿಗಳ ನೀರು ನೋಡಿದ್ದಾರೆ. ಲೀಟರಿಗೆ 10 ಮೈಕ್ರೋಗ್ರಾಂ ಮಿತಿ. ನೂರಕ್ಕೆ 79ರಲ್ಲಿ ಆರ್ಸೆನಿಕ್ ಅದಕ್ಕಿಂತ ಜಾಸ್ತಿ, ಒಂದರಲ್ಲಿ 303. ಪರೀಕ್ಷೆ ಮಾಡಿದ 181 ಜನರಲ್ಲಿ ನೂರಕ್ಕೆ 58.6 ಮಂದಿಗೆ ಚರ್ಮದ ಲಕ್ಷಣ ಇತ್ತು. ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಗಂಟು. ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗಿತ್ತು. ಬಂಗಾರ ಇರುವ ಬಂಡೆಯಲ್ಲಿ ಆರ್ಸೆನಿಕ್ ಇರೋದು ಸಾಮಾನ್ಯ. ದುಡಿಯೋರ ಅಂಗೈ ಗಟ್ಟಿ ಇರುತ್ತೆ ನಿಜ, ಆದರೆ ಹಿಡಿಕೆ ಉಜ್ಜುವ ಜಾಗದಲ್ಲಿ ಮಾತ್ರ. ಅಂಗೈ ನಡುಗುಳಿಯಲ್ಲೂ, ಅಂಗಾಲಿನ ಕಮಾನಿನಲ್ಲೂ ಗಂಟು ಸಿಕ್ಕರೆ, ಅದೂ ಒಂದೇ ಬಾವಿ ನೀರು ಕುಡಿಯುವ ನಾಲ್ಕು ಮನೆಯಲ್ಲಿ ಸಿಕ್ಕರೆ, ನೀರಿನ ಬಾಟಲಿ ತುಂಬಿಸಿಕೊಂಡು ಬನ್ನಿ.

ಕಾರ್ಯಕರ್ತೆ: ಇವೆಲ್ಲ ತಡಾ ಆದ್ರೂ ನಡೀತೈತಿ ಮೇಡಂ. ತಡಾ ಆದ್ರ ಜೀವ ಹೋಗೋದು ಯಾವುದು? ಜ್ವರ ಬಂದ ಹುಡುಗರ ಮೈಮ್ಯಾಲೆ ಗುಳ್ಳಿ ಎದ್ದ ಕೂಡಲೇ ಅಮ್ಮ ಬಂದಾಳ ಅಂತ ಬೇವಿನ ಎಲಿ ಕಟ್ಟಿ ಮಲಗಿಸಿಬಿಡ್ತಾರ. ನಾ ಹೋಗೋದ್ರಾಗ ಮೂರು ದಿನ.

ಡಾಕ್ಟರು: ಬೇವು ಕಟ್ಟಲಿ, ಅಡ್ಡಿಯಿಲ್ಲ. ನೀವು ಒಳಗೆ ಹೋಗಿ ನೋಡಿ. ಅಮ್ಮ ಆದರೆ ನೀರು ತುಂಬಿದ ಗುಳ್ಳೆ, ಹೊಟ್ಟೆ ಬೆನ್ನಿನ ಮೇಲೆ ಹೆಚ್ಚು, ಒಂದು ಒಣಗ್ತಿದ್ದರೆ ಇನ್ನೊಂದು ಏಳ್ತಿರುತ್ತೆ. ನೀವು ಗೊಬ್ಬರ ಅನ್ನೋ ದಡಾರದಲ್ಲಿ ನೆಗಡಿ, ಕೆಮ್ಮು, ಕೆಂಗಣ್ಣು ಮೊದಲು. ಆಮೇಲೆ ಕಿವಿಯ ಹಿಂದಿನಿಂದ ಶುರುವಾಗಿ ಮುಖ, ಮೈಗೆ ಇಳಿಯುತ್ತೆ. ನನಗೆ ಭಯ ಇರೋದು ಇವೆರಡರದ್ದಲ್ಲ. ಚರ್ಮದ ಒಳಗೇ ರಕ್ತ ಚುಕ್ಕೆಯಾಗಿ ಒಸರೋದು. ಗುಳ್ಳೆ ಏಳಲ್ಲ, ಬೆರಳಾಡಿಸಿದರೆ ಕೈಗೆ ಹತ್ತಲ್ಲ. ಗಾಜಿನ ಲೋಟದ ಪಕ್ಕವನ್ನು ಅದರ ಮೇಲೆ ಒತ್ತಿ ಹಿಡಿದು ಒಳಗಿನಿಂದ ನೋಡಬೇಕು. ಬೇರೆ ಕೆಂಪು ಒತ್ತಿದಾಗ ಮಾಸುತ್ತೆ. ಇದು ಮಾಸಲ್ಲ.

ಕಾರ್ಯಕರ್ತೆ: ಮನ್ಯಾಗಿರೋದು ಸ್ಟೀಲ್ ಲೋಟ.

ಡಾಕ್ಟರು: ಹೋಟೆಲಿನ ಚಹಾ ಗ್ಲಾಸ್ ತೆಗೆದುಕೊಳ್ಳಿ. ತಳ ದಪ್ಪ, ಬದಿಗೆ ಗೆರೆ ಇಲ್ಲದ್ದು. ಅದೂ ಸಿಗದಿದ್ದರೆ ಎರಡು ಹೆಬ್ಬೆರಳಿನಿಂದ ಚರ್ಮವನ್ನು ಎರಡು ಕಡೆಗೆ ಎಳೆದು ಹಿಡಿಯಿರಿ, ಚುಕ್ಕೆ ಉಳಿದರೆ ಅದೇ ಅರ್ಥ.

ಕಾರ್ಯಕರ್ತೆ: ನಿಮ್ಮ ಪುಸ್ತಕದಾಗ ಕೆಂಪು, ಕೆಂಪು ಅಂತ ಬರದಿರ್ತೈತಿ. ನಮ್ಮ ಹುಡುಗರ ಕರೀ ಮೈಮ್ಯಾಲೆ ಕೆಂಪು ಎಲ್ಲಿ ಕಾಣ್ತೈತ್ರಿ?

ಡಾಕ್ಟರು: ನೀವು ಕೇಳಿದ್ದನ್ನೇ ಲಂಡನ್ನಿನಲ್ಲಿ ಮಲೋನ್ ಮುಕ್ವೆಂಡೆ ಅನ್ನೋ ವೈದ್ಯಕೀಯ ವಿದ್ಯಾರ್ಥಿ ತನ್ನ ಮೇಷ್ಟರನ್ನು ಕೇಳಿದ. ಎಲ್ಲ ಚಿತ್ರವೂ ಬಿಳಿ ಚರ್ಮದವೇ ಯಾಕೆ ಅಂತ. ಉತ್ತರ ಸಿಗದೆ, ಇಬ್ಬರು ಬೋಧಕರ ಜೊತೆ ಸೇರಿ 2020ರಲ್ಲಿ ಕಪ್ಪು, ಕಂದು ಚರ್ಮದಲ್ಲಿ ಲಕ್ಷಣ ಹೇಗೆ ಕಾಣುತ್ತೆ ಅಂತ ಕೈಪಿಡಿಯನ್ನೇ ತಂದ. ನಾವು ಕೋಟಿಗಟ್ಟಲೆ ಕಂದು ಚರ್ಮದವರ ನಡುವೆ ಇದ್ದೂ ಬಿಳಿ ಚರ್ಮದ ಚಿತ್ರ ನೋಡಿ ಪಾಸಾದವರು. ನಮ್ಮಲ್ಲಿ ಹುಡುಕಬೇಕಾದ್ದು ಬಣ್ಣ ತೆಳುವಾಗಿರುವ ಕಡೆ. ಕೆಳರೆಪ್ಪೆ ಇಳಿಸಿ ಒಳಗೆ, ಬಾಯಿ ತೆರೆಸಿ ಅಂಗುಳ, ಅಂಗೈ, ಅಂಗಾಲು. ಇನ್ನು ಸೊಂಟದ ಉಡದಾರದ ಕೆಳಗೆ, ಬಟ್ಟೆ ಬಿಗಿದ ಕಡೆ ನೋಡಿ. ಒತ್ತಡ ಬಿದ್ದಲ್ಲಿ ಇಂಥ ಚುಕ್ಕೆ ಏಳೋದು ಹೆಚ್ಚು.

ಕಾರ್ಯಕರ್ತೆ: ಅಂಥಾ ಚುಕ್ಕಿ ಅಂದ್ರ ಮೆದುಳು ಜ್ವರಾನ?

ಡಾಕ್ಟರು: ಇಲ್ಲಿ ಡೆಂಗ್ಯೂ ಆಗಿರೋ ಸಂಭವವೇ ಜಾಸ್ತಿ, ಅದರಲ್ಲೂ ಮಾಸದ ಚುಕ್ಕೆ ಬರುತ್ತೆ. ಇಂಥ ಚುಕ್ಕೆ ತರೋ ಮೆದುಳು ಜ್ವರದ ರೋಗಾಣು ಮೆನಿಂಗೊಕಾಕಸ್ ದೊಡ್ಡದಾಗಿ ಹಬ್ಬಿದ್ದು ದಿಲ್ಲಿಯಲ್ಲಿ, 1966, 1985, ಮತ್ತೆ 2005ರಲ್ಲಿ. ಯಾವುದೇ ಆಗಲಿ, ಜ್ವರ ಇದೆ, ಚುಕ್ಕೆ ಮಾಸಲ್ಲ ಅಂದರೆ ಆ ಮಗು ಆಸ್ಪತ್ರೆಯಲ್ಲಿರಬೇಕು. ಹೆಸರು ಅಲ್ಲಿ ಇಡ್ತೀವಿ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಚುಕ್ಕೆ ಇಲ್ಲ ಅಂತ ಸಮಾಧಾನ ಪಡಬೇಡಿ. ನೀವು ಮೆದುಳು ಜ್ವರ ಅನ್ನೋ ಮೆನಿಂಜೈಟಿಸ್ ತರೋ ಬೇರೆ ರೋಗಾಣುಗಳಲ್ಲಿ, ಕ್ಷಯದಿಂದ ಬರೋದರಲ್ಲಿ ಹೆಚ್ಚಾಗಿ ಚುಕ್ಕೆಯೇ ಇರಲ್ಲ.

ಕಾರ್ಯಕರ್ತೆ: ಕುತಿಗಿ ನೋಡಿದ್ರ ಗೊತ್ತಾಗ್ತೈತಲ್ರಿ? ಕುತಿಗಿ ಸೆಟದಿದ್ರ ಮೆದುಳು ಜ್ವರ, ಬಗ್ಗಿದ್ರ ಅಲ್ಲ.

ಡಾಕ್ಟರು: ಅರ್ಧ ಸರಿ, ಅರ್ಧ ಅಪಾಯ. ಮಲಗಿಸಿ, ದಿಂಬು ತೆಗೆದು, ತಲೆಯ ಹಿಂದೆ ಕೈ ಕೊಟ್ಟು ಗದ್ದವನ್ನು ಎದೆಗೆ ತಾಗಿಸಿ ನೋಡೋದು ಮೊದಲನೆಯದು. 1880ರ ದಶಕದಲ್ಲಿ ರಷ್ಯಾದ ಕೆರ್ನಿಗ್ ಅನ್ನೋ ವೈದ್ಯ ತೊಡೆ, ಮೊಣಕಾಲು ಎರಡನ್ನೂ ಮಡಚಿ, ಆಮೇಲೆ ಮೊಣಕಾಲನ್ನು ನೀಡಲು ಹೋದರೆ ನೋವಿಗೆ ತಡೆಯುತ್ತೆ ಅಂತ ಬರೆದ. 1909ರಲ್ಲಿ ಪೋಲೆಂಡಿನ ಬ್ರುಡ್‌ಜಿನ್‌ಸ್ಕಿ, ಕುತ್ತಿಗೆ ಎತ್ತಿದ ಕೂಡಲೇ ಕಾಲು ತಾನಾಗಿ ಮಡಚಿಕೊಳ್ಳುತ್ತೆ ಅಂದ. ನೂರು ವರ್ಷ ಎಲ್ಲರೂ ಇವನ್ನು ಕಲಿತರು. 2002ರಲ್ಲಿ ಅಮೆರಿಕದ ಯೇಲ್‌ನಲ್ಲಿ ಸಂಶಯ ಇದ್ದ 297 ವಯಸ್ಕರಲ್ಲಿ ಇವನ್ನು ಅಳೆದು ನೋಡಿದರು. ಮೆನಿಂಜೈಟಿಸ್ ಇದ್ದವರಲ್ಲಿ ಕೆರ್ನಿಗ್, ಬ್ರುಡ್‌ಜಿನ್‌ಸ್ಕಿ ಸಿಕ್ಕಿದ್ದು ನೂರಕ್ಕೆ ಐದೇ ಮಂದಿಯಲ್ಲಿ. ಕುತ್ತಿಗೆ ಬಿಗಿತ ನೂರಕ್ಕೆ ಮೂವತ್ತು.

ಕಾರ್ಯಕರ್ತೆ: ಅಯ್ಯ! ಹಂಗಾದ್ರ ನೋಡೋದು ಯಾಕ್ರಿ?

ಡಾಕ್ಟರು: ಇದ್ದರೆ ನಂಬೋಕೆ. ಇಲ್ಲದಿದ್ದರೆ ನಂಬಬಾರದು, ಅಷ್ಟೇ. ಆ ಅಧ್ಯಯನದಲ್ಲಿ ಬಹಳ ಮಂದಿಗೆ ಹಗುರವಾಗಿದ್ದ ಕಾಯಿಲೆ, ಅದನ್ನೂ ಹೇಳಬೇಕು. ಆದರೂ "ಕುತ್ತಿಗೆ ಬಗ್ಗುತ್ತೆ, ಮನೆಗೆ ಹೋಗಿ" ಅನ್ನೋ ಧೈರ್ಯ ನನಗಿಲ್ಲ. ವಯಸ್ಸಾದವರಲ್ಲಿ ಸವೆದ ಎಲುಬಿನಿಂದಲೂ ಕುತ್ತಿಗೆ ಬಿಗಿದಿರುತ್ತೆ. ಹಸುಗೂಸಿನಲ್ಲಂತೂ ಬಿಗಿಯೋದೇ ಇಲ್ಲ ಅನ್ನಬಹುದು. ಹೆರಿಗೆ ಆದಮೇಲೆ 3, 7, 14, 21, 28, 42ನೇ ದಿನ ನೀವು ಮನೆಗೆ ಹೋಗ್ತೀರಲ್ಲ, ಅಲ್ಲಿ ನೆತ್ತಿ ನೋಡಬೇಕು.

ಕಾರ್ಯಕರ್ತೆ: ನೆತ್ತಿ ನಮಗ ಹೇಳಿಕೊಡಬೇಕಾಗಿಲ್ರಿ. ದಿನಾ ಔಡಲ ಎಣ್ಣಿ ಒತ್ತೋ ಅಜ್ಜಿ ಕೈಗೆ ಮೊದಲ ತಿಳೀತೈತಿ. ವಾಂತಿಭೇದಿ ಆದ್ರ ಕುಣಿ ಬಿದ್ದಿರ್ತೈತಿ.

ಡಾಕ್ಟರು: ಹಾಗಾದರೆ ಅಜ್ಜಿಯನ್ನೇ ಕೇಳಿ, "ನಿನ್ನೆಗೂ ಇವತ್ತಿಗೂ ಫರಕ್ ಐತೇನು" ಅಂತ. ಮಗು ಅಳುವಾಗ ನೆತ್ತಿ ಎಲ್ಲ ಮಕ್ಕಳದೂ ಉಬ್ಬುತ್ತೆ. ಅಳು ನಿಂತಮೇಲೆ, ಎತ್ತಿ ಕೂರಿಸಿ ಹಿಡಿದಾಗಲೂ ಉಬ್ಬಿ ಬಿಗಿಯಾಗಿದ್ದರೆ ಕೆಟ್ಟದ್ದು. ಮತ್ತೆ ಮೊಲೆ ಹಿಡೀತಾ ಇದ್ದದ್ದು ಬಿಟ್ಟಿದೆಯಾ? ಎತ್ತಿಕೊಂಡರೆ ಸುಮ್ಮನಾಗೋ ಬದಲು ಇನ್ನೂ ಚೀರುತ್ತಾ? ಆ ಚೀರಾಟದ ದನಿ ತಾಯಿಗೆ ಬೇರೆ ಅನಿಸುತ್ತಾ? ಮೈ ತಣ್ಣಗಿದ್ದರೂ ಸರಿ. ಎಳೆಕೂಸಿಗೆ ಜ್ವರ ಬರಲೇಬೇಕು ಅಂತಿಲ್ಲ.

ಕಾರ್ಯಕರ್ತೆ: ದೊಡ್ಡವರದು ಒಂದು ಕೇಳ್ತೀನಿ. ಹದಿನೈದು ದಿನದಿಂದ ತಲಿನೋವು, ಸಂಜಿ ಜ್ವರ, ಆಮ್ಯಾಲೆ ಹುಚ್ಚುಚ್ಚಾರ ಮಾತಾಡಾಕ ಹತ್ತತಾರ. ಗಾಳಿ ಬಡಿದೈತಿ ಅಂತ ಗುಡಿಗೆ ಕರಕೊಂಡು ಹೋಗ್ತಾರ.

ಡಾಕ್ಟರು: ಕ್ಷಯದ ಮೆನಿಂಜೈಟಿಸ್ ಹಾಗೇ ಬರೋದು, ಕಳ್ಳನ ಹಾಗೆ. ಕಣ್ಣು ನೋಡಿ. ಒಂದು ಕಣ್ಣು ಮೂಗಿನ ಕಡೆ ಹೊರಳಿ ಮಾಲುಗಣ್ಣಾಗಿದೆಯಾ, ಎರಡೆರಡು ಕಾಣುತ್ತೆ ಅಂತಾರಾ? ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತಾ? ಗುಡಿಗೆ ಹೋಗಬೇಡಿ ಅಂತ ಜಗಳ ಆಡಬೇಡಿ, ಆಸ್ಪತ್ರೆಗೆ ಮೊದಲು ಹೋಗೋಣ ಅನ್ನಿ. ಮಳೆಗಾಲದ ಮುಗಿವಿನಲ್ಲಿ ಜ್ವರದ ಜೊತೆ ಮಗುವಿಗೆ ಫಿಟ್ಸ್ ಬಂದರೆ ಜಪಾನೀಸ್ ಮೆದುಳು ಜ್ವರವನ್ನೂ ನೆನೆಸಿಕೊಳ್ಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ, ಬೆಳ್ಳಕ್ಕಿ, ಹಂದಿ, ಅದನ್ನು ಹರಡೋ ಸೊಳ್ಳೆಗೆ ಬೇಕಾದ್ದೆಲ್ಲ ನಮ್ಮಲ್ಲಿದೆ. ಪಕ್ಕದ ಬಳ್ಳಾರಿಯಲ್ಲಿ 2006ರಲ್ಲೇ ಲಸಿಕೆ ಅಭಿಯಾನ ಆಗಿತ್ತು. 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸು. ತಾಯಿ ಕಾರ್ಡಿನಲ್ಲಿ ಎರಡನೆಯದು ಖಾಲಿ ಇದ್ದರೆ ಬಿಡಬೇಡಿ.

ಕಾರ್ಯಕರ್ತೆ: ರಾಯಚೂರು ರಿಮ್ಸ್ ದವಾಖಾನಿಗೆ ಹೋದ್ರ ಬೆನ್ನಾಗ ಸೂಜಿ ಹಾಕತಾರ, ಕಾಲು ಬೀಳ್ತಾವ ಅಂತ ಓಡಿ ಬರ್ತಾರ್ರಿ.

ಡಾಕ್ಟರು: ಕಾಲು ಬೀಳಲ್ಲ. ಮೆದುಳಿನ ಬಳ್ಳಿ ಸೊಂಟದ ಮೇಲ್ಗಡೆಯೇ ಮುಗಿಯುತ್ತೆ. ಸೂಜಿ ಹಾಕೋದು ಅದರ ಕೆಳಗೆ, ನೀರು ತುಂಬಿರೋ ಜಾಗಕ್ಕೆ. 1891ರಿಂದ ಮಾಡ್ತಾ ಬಂದಿದ್ದಾರೆ. ಆ ನೀರು ತಿಳಿ ಇದೆಯಾ, ಕದಡಿದೆಯಾ ಅನ್ನೋದರಲ್ಲೇ ಎಷ್ಟೋ ಗೊತ್ತಾಗಿಬಿಡುತ್ತೆ. ನಾವು ಕಣ್ಣು, ಕೈಯಿಂದ ಮಾಡೋದೆಲ್ಲ ಅಲ್ಲಿಗೆ ಬೇಗ ಮುಟ್ಟಿಸೋಕೆ. ಮೆನಿಂಜೈಟಿಸ್ ಇಲ್ಲ ಅಂತ ಹೇಳೋ ಅಧಿಕಾರ ಆ ನೀರಿಗೆ ಮಾತ್ರ ಇರೋದು, ನನ್ನ ಕೈಗಿಲ್ಲ.

ಕಾರ್ಯಕರ್ತೆ: ಆತ್ರಿ. ಇಂಥಾದು ಏನರ ಕಂಡ್ರ ನಿಮಗ ಫೋನ್ ಮಾಡ್ತೀನಿ.

ಡಾಕ್ಟರು: ಮಚ್ಚೆ, ಗಂಟು, ಕಜ್ಜಿಗಾದರೆ ನನಗೆ ಮಾಡಿ, ಮಾರನೇ ದಿನ ಆದರೂ ನಡೆಯುತ್ತೆ. ಜ್ವರದ ಜೊತೆ ಮಾಸದ ಚುಕ್ಕೆ, ಫಿಟ್ಸ್, ಮಂಪರು, ಉಬ್ಬಿದ ನೆತ್ತಿ, ಸೆಟೆದ ಕುತ್ತಿಗೆ, ಇದರಲ್ಲಿ ಒಂದು ಕಂಡರೂ ಮೊದಲು 108ಕ್ಕೆ ಮಾಡಿ. ನನಗೆ ಗಾಡಿ ಹೊರಟ ಮೇಲೆ ಮಾಡಿದರೆ ಸಾಕು.